ಸಾಲದ ಮನೆಯನ್ನು ಭೋಗ್ಯಕ್ಕೆ ಕೊಡಬಹುದೇ?

ಪ್ರಶ್ನೆ: ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಮನೆಯಿದೆ. ಬ್ಯಾಂಕ್ ಸಾಲ ಇನ್ನೂ 18 ಲಕ್ಷ ಬಾಕಿ, ಬಡ್ಡಿ ಶೇ. 8.5. ಬಾಡಿಗೆಗೆ ಕೊಟ್ಟರೆ ತಿಂಗಳಿಗೆ 22,000 ಬರುತ್ತದೆ. ಅದರ ಬದಲು 15 ಲಕ್ಷಕ್ಕೆ ಮೂರು ವರ್ಷ ಲೀಸ್‌ಗೆ ಕೊಟ್ಟು ಸಾಲ ತೀರಿಸೋಣವೆಂದಿದ್ದೇನೆ. 11 ತಿಂಗಳ ಕರಾರು ಸಾಕು ಅನ್ನುತ್ತಾರೆ ಬ್ರೋಕರ್. ಸರಿಯೇ?
– ಒಬ್ಬ ಓದುಗರು, ತುಮಕೂರು

ಉತ್ತರ: ಕಾನೂನಿಗಿಂತ ಮೊದಲು ಲೆಕ್ಕ ನೋಡಿ. 15 ಲಕ್ಷ ಸಾಲಕ್ಕೆ ಕಟ್ಟಿದರೆ ವರ್ಷಕ್ಕೆ ಉಳಿಯುವ ಬಡ್ಡಿ 1,27,500, ಅಂದರೆ ತಿಂಗಳಿಗೆ 10,625. ಬಿಟ್ಟುಕೊಡುತ್ತಿರುವ ಬಾಡಿಗೆ 22,000. ತೆರಿಗೆ ಕಳೆದರೂ ಬಾಡಿಗೆಯೇ ಮೇಲು. ಅದಿರಲಿ, ಮೂರು ವರ್ಷದ ನಂತರ 15 ಲಕ್ಷವನ್ನು ಒಂದೇ ಗಂಟಾಗಿ ಎಲ್ಲಿಂದ ತರುತ್ತೀರಿ? ಮುಂದಿನ ಲೀಸುದಾರ ಸಿಗುವವರೆಗೆ ಹಳಬರು ಮನೆ ಬಿಡುವುದಿಲ್ಲ, ಹಳಬರು ಬಿಡದೆ ಹೊಸಬರು ದುಡ್ಡು ಕೊಡುವುದಿಲ್ಲ. ಭೋಗ್ಯದ ಜಗಳಗಳಲ್ಲಿ ಹೆಚ್ಚಿನವು ಶುರುವಾಗುವುದೇ ಇಲ್ಲಿ.

ಇನ್ನು ಕಾಗದಪತ್ರ. ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ. 11 ತಿಂಗಳ ಕರಾರು ಹುಟ್ಟಿದ್ದು ಅದನ್ನು ತಪ್ಪಿಸಲೆಂದೇ. ಮೂರು ವರ್ಷದ ವ್ಯವಹಾರಕ್ಕೆ ಅದು ಆಗಿಬರುವುದಿಲ್ಲ. ಇದಕ್ಕಿಂತ ದೊಡ್ಡ ತೊಡಕು ಸ್ವತ್ತು ವರ್ಗಾವಣೆ ಕಾಯ್ದೆಯ 65-ಎ ಕಲಮು. ಅಡವಿಟ್ಟ ಮನೆಯನ್ನು ಮಾಲೀಕರು ಬಾಡಿಗೆಗೆ ಕೊಡಬಹುದು, ಆದರೆ ಅವಧಿ ಮೂರು ವರ್ಷ ಮೀರಬಾರದು, ಮುಂಗಡವಾಗಿ ಇಡಿಗಂಟು ಪಡೆಯಬಾರದು. ಸಾಲಪತ್ರದಲ್ಲಿ ಇದಕ್ಕಿಂತ ಬಿಗಿ ಷರತ್ತೂ ಇದ್ದೀತು. ಕಂತು ತಪ್ಪಿ ಬ್ಯಾಂಕು 60 ದಿನಗಳ ನೋಟಿಸ್ ಕೊಟ್ಟು ಮನೆ ವಶಕ್ಕೆ ತೆಗೆದುಕೊಂಡರೆ ಲೀಸುದಾರರು ಬೀದಿಗೆ ಬೀಳುತ್ತಾರೆ. ಸಾಲ ಮುಚ್ಚಿಟ್ಟಿದ್ದರೆ ನಿಮ್ಮ ಮೇಲೆ ವಂಚನೆಯ ದೂರು ಬೀಳುತ್ತದೆ.

ಕೊಡಲೇಬೇಕೆಂದಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆ ಮೊದಲು. ಸಾಲದ ಖಾತೆ ಸಂಖ್ಯೆಯನ್ನೂ ಬಾಕಿಯನ್ನೂ ಪತ್ರದಲ್ಲಿ ಬರೆಸಿ, ನೋಂದಣಿ ಮಾಡಿಸಿ, ದುಡ್ಡು ನೇರವಾಗಿ ಸಾಲದ ಖಾತೆಗೇ ಹೋಗಲಿ. ನಗದು ಬೇಡವೇ ಬೇಡ.

ಪ್ರಶ್ನೆ: ನಾನು ಕೊಳ್ಳಬೇಕೆಂದಿರುವ ಮನೆಯಲ್ಲಿ 8 ಲಕ್ಷದ ಲೀಸುದಾರರಿದ್ದಾರೆ. ಅವರ ಹಣ ಯಾರು ಕೊಡಬೇಕು?
– ಒಬ್ಬ ಓದುಗರು, ಮೈಸೂರು

ಉತ್ತರ: ಬರೆದುಕೊಳ್ಳದಿದ್ದರೆ ಅವರು ಬಂದು ಕೇಳುವುದು ನಿಮ್ಮನ್ನೇ. ಮಾರುವವರ ಬಾಯಿಮಾತು ಬಿಟ್ಟು ಲೀಸುದಾರರನ್ನೇ ಕಂಡು ಮೂಲ ಪತ್ರ ನೋಡಿ. 8 ಎಂದದ್ದು 10 ಆಗಿರಬಹುದು. ನೋಂದಣಿಯಾಗದ ಭೋಗ್ಯ ಇಸಿಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ಕಾಣುವುದಿಲ್ಲ. ಮನೆ ಖಾಲಿಯಾದ ಮೇಲೆ ಕ್ರಯಪತ್ರ ಮಾಡಿಸುವುದು ಕ್ಷೇಮ. ಆಗದಿದ್ದರೆ ಆ ಮೊತ್ತವನ್ನು ಬೆಲೆಯಲ್ಲಿ ಹಿಡಿದುಕೊಂಡು ಕ್ರಯಪತ್ರದಲ್ಲಿ ಬರೆಸಿ, ಲೀಸುದಾರರ ಸಹಿಯಿರುವ ಒಪ್ಪಿಗೆ ಪತ್ರವನ್ನೂ ಪಡೆಯಿರಿ. ಮುದ್ರಾಂಕ ಶುಲ್ಕ ಪೂರ್ಣ ಬೆಲೆಗೇ. ಬೆಲೆ 50 ಲಕ್ಷ ಮುಟ್ಟಿದರೆ ಶೇ. 1ರ ಟಿಡಿಎಸ್ (ಮೂಲದಲ್ಲೇ ಕಡಿತ ಮಾಡುವ ಆದಾಯ ತೆರಿಗೆ) ಕೂಡ ಪೂರ್ಣ ಬೆಲೆಯ ಮೇಲೆ, ಕೈಗೆ ಕೊಟ್ಟ ಹಣದ ಮೇಲಲ್ಲ.

ಪ್ರಶ್ನೆ: ಬಾಡಿಗೆದಾರರ ಕರಾರು ಮುಗಿದು ಆರು ತಿಂಗಳಾಯಿತು, ಬಾಡಿಗೆ ಮಾತ್ರ ತಪ್ಪದೆ ಹಾಕುತ್ತಾರೆ. ಬಿಡಿಸುವುದು ಹೇಗೆ?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ನೀವು ಬಾಡಿಗೆ ಸ್ವೀಕರಿಸುತ್ತಿರುವುದರಿಂದ ಅವರೀಗ ತಿಂಗಳ ಲೆಕ್ಕದ ಬಾಡಿಗೆದಾರರು. ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನಗಳ ಲಿಖಿತ ನೋಟಿಸನ್ನು ವಕೀಲರ ಮೂಲಕ ಸ್ಪೀಡ್ ಪೋಸ್ಟ್‌ನಲ್ಲಿ (ರಿಜಿಸ್ಟ್ರೇಷನ್ ಸೇರಿಸಿ) ಕಳಿಸಿ. ವಾಟ್ಸಾಪ್ ಸಂದೇಶವೊಂದನ್ನೇ ನೆಚ್ಚಬೇಡಿ. ಬಿಡದಿದ್ದರೆ ದಾವೆ. ನೀರು, ಕರೆಂಟು ತೆಗೆಸಲು ಹೋದರೆ ತಡೆಯಾಜ್ಞೆ ತರುವವರು ಅವರೇ.