ಐದು ತಿಂಗಳಾದರೂ ಚರ್ಚಿನಲ್ಲಿ ಯಾರೂ ಮಾತಾಡಿಸಿಲ್ಲ

ಪ್ರಶ್ನೆ: ನನಗೆ 31 ವರ್ಷ. ಊರು ಉಡುಪಿ ಹತ್ತಿರ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಕಾಲದಿಂದ ಕ್ರೈಸ್ತರಾದ ಮನೆತನ, ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಪಿಜಿಯಲ್ಲಿ ಇದ್ದೇನೆ. ಐದು ತಿಂಗಳಿಂದ ಪ್ರತಿ ಭಾನುವಾರ ಒಂದು ದೊಡ್ಡ ಚರ್ಚಿನ ಕನ್ನಡ ಆರಾಧನೆಗೆ ಹೋಗುತ್ತಿದ್ದೇನೆ. ಇವತ್ತಿಗೂ ಒಬ್ಬರು ನನ್ನ ಹೆಸರು ಕೇಳಿಲ್ಲ. ಒಮ್ಮೆ ಒಬ್ಬರು 'ಇದು ನಾವು ಯಾವಾಗಲೂ ಕೂರುವ ಜಾಗ' ಅಂತ ಎಬ್ಬಿಸಿದರು. ಊರಲ್ಲಿ ಕ್ವಾಯರ್‌ನಲ್ಲಿ (ಚರ್ಚಿನ ಗಾಯನ ತಂಡ) ಆಲ್ಟೋ, ಅಂದರೆ ಹೆಂಗಸರ ಕೆಳದನಿ, ಹಾಡುತ್ತಿದ್ದೆ, ಇಲ್ಲಿ ಬಾಯಿ ಬಿಟ್ಟು ಹಾಡಲೂ ಸಂಕೋಚ. ನಾನು ಮಾತು ಕಡಿಮೆ, ಅದಕ್ಕೇ ಹೀಗಾಯ್ತೇನೋ.

ಆಫೀಸಿನ ಗೆಳತಿ ತನ್ನ ಫೆಲೋಶಿಪ್‌ಗೆ, ಅಂದರೆ ಅವಳು ಹೋಗುವ ಪುಟ್ಟ ಪ್ರಾರ್ಥನಾ ಸಭೆಗೆ, ಕರೆದುಕೊಂಡು ಹೋದಳು. ಮೊದಲ ದಿನವೇ ಅಪ್ಪಿಕೊಂಡರು, ಊಟ ಹಾಕಿದರು, ನನ್ನ ಹೆಸರು ಹಿಡಿದು ಪ್ರಾರ್ಥಿಸಿದರು. ಅತ್ತುಬಿಟ್ಟೆ. ಈಗ 'ಮಗುವಾಗಿದ್ದಾಗ ಆದದ್ದು ಲೆಕ್ಕಕ್ಕಿಲ್ಲ, ಮತ್ತೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ತಗೋ' ಅನ್ನುತ್ತಿದ್ದಾರೆ. ಒಂದು ಭಾನುವಾರ ತಪ್ಪಿದರೆ ಫೋನಿನ ಮೇಲೆ ಫೋನ್. ಅಮ್ಮನಿಗೆ ಹೇಳಿದರೆ 'ಅಜ್ಜನ ಸಭೆ ಬಿಡ್ತೀಯಾ' ಅಂತ ಅಳುತ್ತಾರೆ. ಎಲ್ಲಿಗೆ ಹೋಗಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ:

ಪ್ರಿಯ ಸಹೋದರಿ,

ತಪ್ಪು ನಿಮ್ಮದಲ್ಲ. ಮಾತು ಕಡಿಮೆ ಇರುವವರನ್ನು ಮಾತಾಡಿಸುವ ಜವಾಬ್ದಾರಿ ಮೊದಲೇ ಅಲ್ಲಿ ಕೂತಿರುವವರದ್ದು. ಹೊಸದಾಗಿ ಬಂದವರದ್ದಲ್ಲ. ನಾನೂ ಸಿಎಸ್‌ಐ ಸಭೆಯಲ್ಲೇ ಬೆಳೆದವಳು, ಹಾಗಾಗಿ ನಮ್ಮವರ ಬಗ್ಗೆ ಇದನ್ನು ಹೇಳುವಾಗ ನನಗೆ ನೋವಾಗುತ್ತದೆ. ಆದರೂ ಹೇಳಲೇಬೇಕು.

ನಿಮ್ಮನ್ನು ಜಾಗದಿಂದ ಎಬ್ಬಿಸಿದ್ದು ಓದಿ ಸಿಟ್ಟು ಬಂತು. ಈ ರೋಗ ಹಳೆಯದು. ಬೈಬಲಿನಲ್ಲಿ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ಶುರುವಾಗುವುದೇ ಕೂರುವ ಜಾಗದ ಜಗಳದಿಂದ. ಚಿನ್ನದ ಉಂಗುರ ಹಾಕಿಕೊಂಡು ಬಂದವನಿಗೆ ಒಳ್ಳೆಯ ಜಾಗ, ಕೊಳೆ ಬಟ್ಟೆಯ ಬಡವನಿಗೆ 'ಅಲ್ಲಿ ನಿಂತುಕೋ'. ಇದನ್ನು ಯಾಕೋಬ ಖಂಡಿಸಿ ಬರೆದದ್ದು ಹೊರಗಿನವರಿಗಲ್ಲ, ಸಭೆಯವರಿಗೇ. ಮುಂದೆ ಇಂಗ್ಲೆಂಡಿನ ಚರ್ಚುಗಳಲ್ಲಿ ಬಾಡಿಗೆ ಕಟ್ಟಿ ಬೆಂಚು ಹಿಡಿದುಕೊಳ್ಳುವ ಪದ್ಧತಿಯೇ ಇತ್ತು, 19ನೇ ಶತಮಾನದಲ್ಲೂ ನಡೆಯುತ್ತಿತ್ತು. ನಮ್ಮಲ್ಲಿ ಬಾಡಿಗೆ ಇಲ್ಲ. 'ನಮ್ಮ ಜಾಗ' ಅನ್ನುವುದು ಮಾತ್ರ ಹೋಗಿಲ್ಲ.

ಅವರೆಲ್ಲ ಕೆಟ್ಟವರಾ ಅಂದರೆ, ಅಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನಿಮ್ಮ ಮನೆತನದ ಕಥೆಯೂ ಇದರಲ್ಲಿದೆ.

ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಮಾತು ಕೇಳಿ ಕ್ರೈಸ್ತರಾದ ಎಷ್ಟೋ ಜನರನ್ನು ಮನೆಯವರು, ಜಾತಿಯವರು ಹೊರಗೆ ಹಾಕಿದರು. ಉಳಿಯಲು ಮನೆಯಿಲ್ಲ, ಮಾಡಲು ಕೆಲಸವಿಲ್ಲ. ಅದಕ್ಕೇ ಮಿಷನ್ ನೇಯ್ಗೆ ಕಾರ್ಖಾನೆ ನಡೆಸಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ವಾರವಿಡೀ ಒಟ್ಟಿಗೆ ಮಣ್ಣು ತುಳಿದು ಹೆಂಚು ಸುಟ್ಟವರು ಭಾನುವಾರ ಒಟ್ಟಿಗೆ ಹಾಡಿದರು. ಮಕ್ಕಳಿಗೆ ಹೆಣ್ಣು ಗಂಡು ತಂದದ್ದೂ ಅದೇ ಸಭೆಯೊಳಗಿಂದ. ಬೆಂಗಳೂರು, ಮೈಸೂರು ಕಡೆ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್‌ನಿಂದ ಬೆಳೆದ ಕನ್ನಡ ಸಭೆಗಳಲ್ಲೂ ಹೀಗೆ ತಲೆಮಾರುಗಳಿಂದ ಒಟ್ಟಿಗಿರುವ ಕುಟುಂಬಗಳಿವೆ. ಎಲ್ಲರೂ ಬಿಟ್ಟಾಗ ಈ ಜನ ಒಬ್ಬರಿಗೊಬ್ಬರು ಆದರು. ಆ ಒಗ್ಗಟ್ಟೇ ಈಗ ಗೋಡೆಯಾಗಿದೆ. ಒಳಗಿರುವವರಿಗೆ ಅದು ಗೋಡೆ ಅಂತ ಗೊತ್ತಾಗುವುದೇ ಇಲ್ಲ, ಅವರಿಗದು ಮನೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಗುಂಪು ಗುಂಪಾಗಿ ನಿಂತು ಮಾತಾಡುವವರನ್ನು ನೋಡಿ. ಸಂಡೇ ಸ್ಕೂಲಿನಿಂದ ಜೊತೆಗಿದ್ದವರು, ಭಾವ ಮೈದುನರು, ಬೀಗರು. ನಿಮ್ಮನ್ನು ಕಂಡರೆ 'ಯಾರದೋ ನೆಂಟರಿರಬೇಕು' ಅಂದುಕೊಳ್ಳುತ್ತಾರೆ. ಪ್ರತಿಯೊಬ್ಬರೂ ಹಾಗೇ ಅಂದುಕೊಂಡರೆ ಐದು ತಿಂಗಳು ಹೀಗೇ ಕಳೆಯುತ್ತದೆ. ಜೊತೆಗೆ ಬೆಂಗಳೂರಿನ ದೊಡ್ಡ ಚರ್ಚುಗಳಲ್ಲಿ ಒಂದು ಆರಾಧನೆ ಮುಗಿಯುವಷ್ಟರಲ್ಲಿ ಮುಂದಿನದಕ್ಕೆ ಜನ ಬಂದಿರುತ್ತಾರೆ. ಗಾಡಿ ತೆಗೆಯುವ ಗಡಿಬಿಡಿಯಲ್ಲಿ ಯಾರು ನಿಂತು ಹೆಸರು ಕೇಳುತ್ತಾರೆ?

ಇದು ಕಾರಣ ಅಷ್ಟೇ, ಸಮರ್ಥನೆ ಅಲ್ಲ.

ಇನ್ನು ಫೆಲೋಶಿಪ್ ವಿಷಯ. ಅಲ್ಲಿ ನೀವು ಅತ್ತಿದ್ದಕ್ಕೆ ನಾಚಿಕೆಪಡಬೇಡಿ. ತಿಂಗಳುಗಟ್ಟಲೆ ಯಾರೂ ಹೆಸರು ಹಿಡಿದು ಕರೆಯದ ಊರಲ್ಲಿ ಒಬ್ಬರು ನಿಮ್ಮ ಹೆಸರು ಹೇಳಿ ಪ್ರಾರ್ಥಿಸಿದರು, ತಟ್ಟೆಗೆ ಅನ್ನ ಹಾಕಿದರು. ಅದು ನಿಜವಾದ ಪ್ರೀತಿಯೇ ಇರಬಹುದು. ಪಿಜಿಯಲ್ಲಿರುವ ಹುಡುಗಿಯರಿಗೆ, ದೂರದ ಊರಿನ ನರ್ಸ್‌ಗಳಿಗೆ, ಗಾರ್ಮೆಂಟ್ಸ್ ಕೆಲಸದವರಿಗೆ ಇಂಥ ಪುಟ್ಟ ಸಭೆಗಳು ತವರುಮನೆ ಆಗಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಳೆಯ ಸಭೆಗಳು ಅವರಿಂದ ಕಲಿಯುವುದು ಬಹಳ ಇದೆ.

ಆದರೆ ದೀಕ್ಷಾಸ್ನಾನದ ಅವಸರ ನನಗೆ ಸರಿ ಕಾಣಲಿಲ್ಲ. ಸಿಎಸ್‌ಐ, ಕಥೋಲಿಕ, ಆರ್ಥೊಡಾಕ್ಸ್, ಲುಥೆರನ್ ಸಭೆಗಳೆಲ್ಲ ದೀಕ್ಷಾಸ್ನಾನ ಜೀವನದಲ್ಲಿ ಒಂದೇ ಸಲ ಅಂತ ನಂಬುತ್ತವೆ, ಮಗುವಿಗೆ ಕೊಟ್ಟದ್ದೂ ಪೂರ್ತಿಯೇ. 1982ರಲ್ಲಿ ಪೆರು ದೇಶದ ಲಿಮಾದಲ್ಲಿ ಚರ್ಚುಗಳ ವಿಶ್ವ ಮಂಡಳಿಯ ಕಡೆಯಿಂದ ಬಂದ ಒಪ್ಪಂದದ ಬರಹವೂ ಇದನ್ನು ಮತ್ತೊಮ್ಮೆ ಮಾಡಬಾರದು ಅನ್ನುತ್ತದೆ. ಪೆಂಟೆಕೋಸ್ಟಲ್, ಬ್ಯಾಪ್ಟಿಸ್ಟ್ ಸಭೆಯವರು ಬೇರೆ ಥರ ನಂಬುತ್ತಾರೆ. ಸ್ವಂತ ಬಾಯಿಂದ ವಿಶ್ವಾಸ ಹೇಳಿ ನೀರಲ್ಲಿ ಮುಳುಗಿದರೆ ಮಾತ್ರ ದೀಕ್ಷಾಸ್ನಾನ ಅನ್ನುವುದು ಅವರ ಪ್ರಾಮಾಣಿಕ ನಂಬಿಕೆ. ಅವರು ನಿಮಗೆ ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಯಾವುದು ಸರಿ ಅನ್ನುವುದು ನಿಮ್ಮ ಮನಸ್ಸಾಕ್ಷಿ ತೀರ್ಮಾನಿಸಬೇಕಾದದ್ದು. ಊಟ ಹಾಕಿದವರಿಗೆ 'ಬೇಡ' ಅನ್ನುವುದು ಹೇಗೆ ಅನ್ನೋ ಮುಲಾಜಿಗೆ ಮಾತ್ರ ಅದನ್ನು ಮಾಡಬೇಡಿ.

ಹಾಗಾಗಿ ಅವರಿಗೆ ನೇರವಾಗಿ ಹೇಳಿ: 'ಈ ವಿಷಯ ಯೋಚನೆ ಮಾಡಲು ನನಗೆ ಆರು ತಿಂಗಳು ಬೇಕು. ಅಲ್ಲಿಯವರೆಗೆ ಇದರ ಮಾತು ಬೇಡ.' ಆಮೇಲೆ ಏನಾಗುತ್ತದೆ ನೋಡಿ. ನಗುವುದು ಸುಲಭ, ಅಪ್ಪಿಕೊಳ್ಳುವುದೂ ಸುಲಭ. ಬೇಡ ಅಂದವಳಿಗೂ ಮುಂದಿನ ಭಾನುವಾರ ಅದೇ ಪ್ರೀತಿಯಿಂದ ತಟ್ಟೆ ಹಾಕುತ್ತಾರಾ ಅನ್ನುವುದರಲ್ಲಿ ಸ್ವಾಗತದ ಸತ್ಯ ಗೊತ್ತಾಗುತ್ತದೆ. ಹಾಕಿದರೆ ಅವರು ಒಳ್ಳೆಯ ಜನ, ಗೆಳೆತನ ಉಳಿಸಿಕೊಳ್ಳಿ. 'ದೇವರ ಮಾತು ಮೀರಿದರೆ ಕೆಡುಕಾಗುತ್ತದೆ' ಅಂತ ಹೆದರಿಸಿದರೆ, ಸಂಬಳ ಎಷ್ಟು, ದಶಮಾಂಶ (ಸಂಬಳದ ಹತ್ತನೇ ಒಂದು ಪಾಲಿನ ಕಾಣಿಕೆ) ಯಾವಾಗ ಅಂತ ಕೇಳಲು ಶುರು ಮಾಡಿದರೆ, ಅಲ್ಲಿಂದ ಎದ್ದು ಬನ್ನಿ. ಕಾರಣ ಕೊಡುವ ಅಗತ್ಯವಿಲ್ಲ.

ಈ ಆರು ತಿಂಗಳು ಸಿಎಸ್‌ಐ ಸಭೆಗೂ ಇನ್ನೊಂದು ಅವಕಾಶ ಕೊಡಿ ಅಂತ ಕೇಳುತ್ತೇನೆ. ಸುಮ್ನೆ ಬೆಂಚಿನ ಮೇಲೆ ಕೂತು ಕಾಯುವುದು ಬೇಡ. ನೀವು ಆ ಸಭೆಯವರು ಅಂತ ಊರಿನ ಸಭೆಯಿಂದ ಒಂದು ಪತ್ರ ತರಿಸಿ. ಅಮ್ಮನಿಗೆ ಅಳಲು ಬಿಡುವ ಬದಲು ಈ ಕೆಲಸ ಒಪ್ಪಿಸಿ, ಅವರಿಗೂ ಸಮಾಧಾನವಾಗುತ್ತದೆ. 'ನಾನು ಸಭೆ ಬಿಡ್ತಿಲ್ಲಮ್ಮ, ಸಭೆಯಲ್ಲಿ ಒಬ್ಬಳೇ ಆಗಿದ್ದೇನೆ' ಅಂತ ಹೇಳಿ. ಅವರ ಭಯ ಕಡಿಮೆಯಾಗುತ್ತದೆ. ಪತ್ರ ಹಿಡಿದು ಇಲ್ಲಿನ ಅಯ್ಯನವರನ್ನು (ಪಾಸ್ಟರ್) ನೋಡಿ, ಆದರೆ ಭಾನುವಾರ ಬಾಗಿಲಲ್ಲಿ ಬೇಡ. ಆಗ ಅವರು ನೂರಾರು ಜನರ ಕೈ ಕುಲುಕುತ್ತಿರುತ್ತಾರೆ. ವಾರದ ದಿನ ಚರ್ಚ್ ಆಫೀಸಿಗೆ ಫೋನ್ ಮಾಡಿ ಸಮಯ ಕೇಳಿ. ಜಾಗದಿಂದ ಎಬ್ಬಿಸಿದ್ದನ್ನೂ ಹೇಳಿ. ಅವರಿಗೆ ಗೊತ್ತಾಗಬೇಕು.

ಆಲ್ಟೋ ಹಾಡುತ್ತೀರಿ ಅಂದಿರಲ್ಲ, ಅದೇ ನಿಮ್ಮ ದಾರಿ. ನಾಲ್ಕು ಸ್ವರದಲ್ಲಿ ಹಾಡುವ ಕ್ವಾಯರ್‌ಗೆ ಆಲ್ಟೋ ಯಾವಾಗಲೂ ಬೇಕು. ಮೇಲುದನಿಯ ಸೋಪ್ರಾನೋಗೆ ಜನ ಜಾಸ್ತಿ, ಆಲ್ಟೋ ಹಿಡಿದು ನಿಲ್ಲುವವರು ಕಡಿಮೆ. ಭಾನುವಾರದ ಆರಾಧನೆಯಲ್ಲಿ ಎಲ್ಲರೂ ಮುಂದೆ ನೋಡಿಕೊಂಡು ಕೂತಿರುತ್ತಾರೆ, ಪರಿಚಯ ಆಗುವುದು ಕಷ್ಟ. ಅಭ್ಯಾಸದ ಸಂಜೆ ಹಾಗಲ್ಲ. ಪಕ್ಕದವಳ ಹಾಳೆಯಲ್ಲಿ ನೋಡಿಕೊಂಡು ಹಾಡಬೇಕು, ಮಧ್ಯೆ ಟೀ ಬರುತ್ತದೆ, ತಡವಾದರೆ ಯಾರೋ ಬಸ್ ಸ್ಟಾಪಿನವರೆಗೆ ಬಿಡುತ್ತಾರೆ. ಮಾತು ಕಡಿಮೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕೊಯ್ಲಿನ ಹಬ್ಬದ ತಯಾರಿಯೂ ಹಾಗೇ. ಹರಾಜಿಗೆ ಕುಂಬಳಕಾಯಿ, ಬಾಳೆಗೊನೆ ಜೋಡಿಸುವಾಗ ಯಾರ ಕೈಯಾದರೂ ಆದೀತು.

ಭಾನುವಾರದಲ್ಲೂ ಒಂದು ಗಳಿಗೆ ಇದೆ. 1950ರಲ್ಲಿ ಸಿಎಸ್‌ಐ ತನ್ನದೇ ಪ್ರಭು ಭೋಜನದ ಆರಾಧನಾ ಕ್ರಮ ಮಾಡಿದಾಗ 'ಶಾಂತಿ' ಕೊಡುವ ಪುರಾತನ ಪದ್ಧತಿಯನ್ನು ಮತ್ತೆ ತಂದಿತು. ಕೊಡುವವರ ಬಲ ಅಂಗೈ ತೆಗೆದುಕೊಳ್ಳುವವರ ಬಲ ಅಂಗೈಗೆ ತಾಗಬೇಕು. ಇಬ್ಬರೂ ಎಡಗೈಯಿಂದ ಇನ್ನೊಬ್ಬರ ಬಲಗೈಯನ್ನು ಮುಚ್ಚಬೇಕು. ಹೀಗೆ ಒಬ್ಬರಿಂದ ಒಬ್ಬರಿಗೆ ಸಭೆಯೆಲ್ಲ ಹೋಗಬೇಕು. ಈಗ ಎಷ್ಟೋ ಕಡೆ ಅತ್ತಿತ್ತ ಗಡಿಬಿಡಿಯಲ್ಲಿ ಕೈಮುಗಿದು ಮುಗಿಸುತ್ತಾರೆ. ನೀವು ಮುಗಿಸಬೇಡಿ. ಪಕ್ಕದವರ ಮುಖ ನೋಡಿ ಶಾಂತಿ ಹೇಳಿ, ಆರಾಧನೆ ಮುಗಿದ ಕೂಡಲೇ ಅವರಿಗೇ ನಿಮ್ಮ ಹೆಸರು ಹೇಳಿ. ಇಷ್ಟಾದರೂ ಆ ಚರ್ಚು ನಿಮ್ಮನ್ನು ಹತ್ತಿರ ಸೇರಿಸಿಕೊಳ್ಳದಿದ್ದರೆ ಅದು ನಿಮ್ಮ ಸೋಲಲ್ಲ. ಬೆಂಗಳೂರಿನಲ್ಲಿ ಸಣ್ಣ ಸಿಎಸ್‌ಐ ಸಭೆಗಳೂ ಇವೆ, ಹತ್ತಿರದ್ದೊಂದನ್ನು ನೋಡಿ. ಯಾರ ಹತ್ತಿರವೂ ಮಾತು ಬೇಡ ಅನ್ನಿಸುವ ವಾರಗಳೂ ಬರುತ್ತವೆ. ಆಗ ಗುರುವಾರ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಹೋಗಿ ಕೂತು ಬನ್ನಿ. ಎಲ್ಲ ಧರ್ಮದವರೂ ಬರುವ ಜಾಗ ಅದು, ನೀವು ಯಾರು ಅಂತ ಕೇಳುವುದಿಲ್ಲ. ಅದೂ ಒಂದು ಥರದ ಸ್ವಾಗತವೇ.

ಇದನ್ನು ಓದುತ್ತಿರುವ ಹಳೆಯ ಸಭೆಯ ಹಿರಿಯರಿಗೂ ಒಂದು ಮಾತು. ಹೊಸಬರು ಕಂಡರೆ 'ನೀವು ಯಾರ ಮನೆಯವರು?' ಅಂತ ಶುರು ಮಾಡಬೇಡಿ. ನಮಗದು ಪ್ರೀತಿಯ ಪ್ರಶ್ನೆ. ಮನೆತನದಲ್ಲಿ ತಾನೇ ಮೊದಲು ವಿಶ್ವಾಸಿ ಆದವನಿಗೆ, ಜಾತಿಯ ಪೆಟ್ಟು ತಿಂದು ಬಂದವಳಿಗೆ ಅದು ಚುಚ್ಚುತ್ತದೆ. 'ಎಲ್ಲಿ ಉಳಿದುಕೊಂಡಿದ್ದೀರಿ, ಇವತ್ತು ಮಧ್ಯಾಹ್ನ ಊಟ ಎಲ್ಲಿ?' ಅಂತ ಕೇಳಿ. ಪಿಜಿಯ ಹುಡುಗಿಯನ್ನು ಒಂದು ಭಾನುವಾರ ಮನೆಗೆ ಕರೆಯಿರಿ. ಮೀನು ಸಾರು ಮಾಡಿದರೆ ಸಾಕು, ಬಿರಿಯಾನಿ ಬೇಡ.

ಸಹೋದರಿ, ಕ್ರಿಸ್ಮಸ್ ಕ್ಯಾರಲ್ ಅಭ್ಯಾಸ ನವೆಂಬರ್‌ನಲ್ಲಿ ಶುರುವಾಗಬಹುದು. ಅದರ ದಿನ, ಸಮಯ ಈಗಲೇ ಆಫೀಸಿನಲ್ಲಿ ಕೇಳಿಟ್ಟುಕೊಳ್ಳಿ. ಮೊದಲ ಸಂಜೆಯೇ ಹೋಗಿ, ಆಲ್ಟೋ ಸಾಲಿನಲ್ಲಿ ನಿಲ್ಲಿ. ಏನಾಯಿತು ಅಂತ ನನಗೆ ಬರೆಯಿರಿ.