ಕೋವಿ ಲೈಸೆನ್ಸ್ ಇದ್ದರೆ ಕಳ್ಳನಿಗೆ ಗುಂಡು ಹೊಡೆಯಬಹುದೇ?

ಪ್ರಶ್ನೆ: ನಮ್ಮದು ತೋಟದ ನಡುವಿನ ಒಂಟಿ ಮನೆ. ಅಂಗಳದಲ್ಲಿ ಒಣಗಿಸಿದ ಅಡಿಕೆ ಎರಡು ಸಲ ಕಳುವಾಗಿದೆ. ಆತ್ಮರಕ್ಷಣೆಗೆ ರಿವಾಲ್ವರ್ ಲೈಸೆನ್ಸ್ ಸಿಗುತ್ತದೆಯೇ? (ತೀರ್ಥಹಳ್ಳಿ ತಾಲ್ಲೂಕಿನ ಓದುಗರು)

ರಿವಾಲ್ವರ್ ಬದಲು ಕೋವಿ ಕೇಳಿ. 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಇವೆರಡನ್ನೂ ಬೇರೆಬೇರೆಯಾಗಿ ನೋಡುತ್ತದೆ. ನಳಿಗೆ 20 ಇಂಚಿಗೆ ಕಡಿಮೆ ಇಲ್ಲದ, ಒಳಗೆ ಗೀರುಗಳಿಲ್ಲದ ನಯವಾದ ಕೋವಿಯನ್ನು ರಕ್ಷಣೆಗೆಂದು ಕೇಳಿದವರಿಗೆ, ತಿರಸ್ಕರಿಸುವಂಥ ಕಾರಣ ಇಲ್ಲದಿದ್ದರೆ, ಲೈಸೆನ್ಸ್ ಕೊಡಬೇಕು ಎನ್ನುತ್ತದೆ 13ನೇ ಸೆಕ್ಷನ್. ಬೆಳೆ ಕಾಯಲು ಕೇಳುವ ಕೇಪಿನ ಕೋವಿಗೂ (ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು) ಇದೇ ಮಾತು. ರಿವಾಲ್ವರ್, ಪಿಸ್ತೂಲಿಗೆ ಹಾಗಿಲ್ಲ. ನಿಮಗೆ ಅದು ನಿಜವಾಗಿ ಬೇಕು ಎಂಬುದು ಅಧಿಕಾರಿಗೆ ಮನವರಿಕೆಯಾಗಬೇಕು. ಅಡಿಕೆ ಕಳ್ಳತನವೊಂದನ್ನೇ ತೋರಿಸಿದರೆ ಅದು ಕಷ್ಟ.

ವಯಸ್ಸು 21 ತುಂಬಿರಬೇಕು. ಅರ್ಜಿ 2016ರ ಶಸ್ತ್ರಾಸ್ತ್ರ ನಿಯಮಗಳ ಎ-1 ನಮೂನೆಯಲ್ಲಿ. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗೆ, ಕಮಿಷನರೇಟ್ ಇರುವ ನಗರದಲ್ಲಿ ಪೊಲೀಸ್ ಕಮಿಷನರ್‌ಗೆ. ವೈದ್ಯಕೀಯ ಪ್ರಮಾಣಪತ್ರ, ಕೋವಿ ಬಳಕೆಯ ಸುರಕ್ಷತಾ ತರಬೇತಿ, ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ ಇವೆಲ್ಲ ಬೇಕು. ಆಮೇಲೆ ಫೈಲು ನಿಮ್ಮ ಠಾಣೆಗೆ ಹೋಗುತ್ತದೆ. ಅರ್ಜಿಗಳು ಹೆಚ್ಚಾಗಿ ಕುಂಟುವುದು ಇಲ್ಲೇ. ಕಳ್ಳತನವಾದಾಗ ದೂರು ಕೊಟ್ಟಿರದಿದ್ದರೆ ಠಾಣೆಯ ವರದಿಯಲ್ಲಿ ನಿಮ್ಮ ಕಾರಣಕ್ಕೆ ಆಧಾರವೇ ಇರುವುದಿಲ್ಲ. ಎರಡೂ ಕಳವಿನ ಎಫ್‌ಐಆರ್ ಪ್ರತಿ, ಪಹಣಿ, ಮನೆ ಎಷ್ಟು ಒಂಟಿಯಾಗಿದೆ ಎಂಬುದನ್ನು ತೋರಿಸುವ ನಕ್ಷೆ ಲಗತ್ತಿಸಿ.

ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ಸಾಕಷ್ಟು ಆಸ್ತಿ ಇಲ್ಲ ಎಂಬುದೊಂದೇ ಕಾರಣವಾಗಕೂಡದು. 18ನೇ ಸೆಕ್ಷನ್ ಅಡಿ ಮೇಲ್ಮನವಿ ಹಾಕಬಹುದು. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ 5 ವರ್ಷ, ಒಬ್ಬರಿಗೆ ಹೆಚ್ಚೆಂದರೆ 2 ಬಂದೂಕು. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ನಿಮ್ಮ ಜಿಲ್ಲೆಗೆ ಅನ್ವಯಿಸದು.

ಪ್ರಶ್ನೆ: ರಾತ್ರಿ ಕಳ್ಳ ಬಂದಾಗ ಲೈಸೆನ್ಸ್ ಇರುವ ಕೋವಿಯಿಂದ ಹೊಡೆದರೆ ಕೇಸಾಗುವುದೇ? (ಶಿರಸಿಯ ಓದುಗರು)

ಕೇಸಂತೂ ಆಗುತ್ತದೆ. ಪ್ರಶ್ನೆ ಇರುವುದು ನೀವು ಅದರಿಂದ ಪಾರಾಗುತ್ತೀರಾ ಎಂಬುದರಲ್ಲಿ. ಲೈಸೆನ್ಸ್ ಕೋವಿ ಇಟ್ಟುಕೊಳ್ಳಲು ಕೊಟ್ಟ ಅನುಮತಿ. ಹೊಡೆದದ್ದು ಸರಿಯೇ ಎಂಬುದನ್ನು ತೀರ್ಮಾನಿಸುವುದು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು. 2024ರ ಜುಲೈ 1ರ ಮೊದಲು ಇವೇ ಐಪಿಸಿ 96ರಿಂದ 106 ಆಗಿದ್ದವು.

ಆಸ್ತಿ ಉಳಿಸಿಕೊಳ್ಳಲು ಪ್ರಾಣ ತೆಗೆಯುವಷ್ಟು ದೂರ ಹೋಗಬಹುದಾದ ಸಂದರ್ಭಗಳು 41ನೇ ಸೆಕ್ಷನ್‌ನಲ್ಲಿವೆ: ದರೋಡೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗಿನ ಕನ್ನಗಳವು, ವಾಸದ ಮನೆಗೆ ಬೆಂಕಿ, ಮತ್ತು ತಡೆಯದಿದ್ದರೆ ಸಾವೋ ತೀವ್ರ ಗಾಯವೋ ಆದೀತೆಂದು ಸಕಾರಣವಾಗಿ ಹೆದರಬೇಕಾದಂಥ ಕಳ್ಳತನ. ಅಂಗಳದಿಂದ ಮೂಟೆ ಹೊತ್ತು ತೋಟದತ್ತ ಓಡುತ್ತಿರುವವನು ಇದ್ಯಾವುದರಲ್ಲೂ ಬರುವುದಿಲ್ಲ. ಅವನನ್ನು ಅಟ್ಟಿಸಿಕೊಂಡು ಹೋಗಬಹುದು, ಹಿಡಿಯಬಹುದು, ಮೂಟೆ ಕಿತ್ತುಕೊಳ್ಳಬಹುದು. ಕೊಲ್ಲುವಂತಿಲ್ಲ. ಬಾಗಿಲು ಮುರಿದು ಒಳಬಂದವನ ವಿರುದ್ಧದ ಹಕ್ಕೂ ಆ ಅತಿಕ್ರಮ ನಡೆಯುತ್ತಿರುವಷ್ಟು ಹೊತ್ತು ಮಾತ್ರ; ಹೊಸ್ತಿಲು ದಾಟಿ ಅವನು ಹೊರಬಿದ್ದ ಮೇಲೆ ಇಲ್ಲ. 112ಕ್ಕೆ ಕರೆ ಮಾಡಿ ರಕ್ಷಣೆ ಪಡೆಯುವಷ್ಟು ಸಮಯ ಇದ್ದರೂ ಹಕ್ಕು ಹುಟ್ಟುವುದಿಲ್ಲ.

ಆತ್ಮರಕ್ಷಣೆಗಾಗಿ ಹೊಡೆದೆ ಎಂಬುದನ್ನು ತೋರಿಸುವ ಹೊಣೆ ಆರೋಪಿಯ ಮೇಲೆ. ಪ್ರಾಸಿಕ್ಯೂಷನ್‌ನಷ್ಟು ಬಲವಾಗಿ ಸಾಬೀತುಪಡಿಸಬೇಕಿಲ್ಲ, ಹಾಗೆ ನಡೆದಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. ಆದರೆ ಚರೆಗಳು (ತೋಟಾ ಅಂದರೆ ಕಾರ್ಟ್ರಿಜ್‌ನೊಳಗಿನ ಸಣ್ಣ ಗುಂಡುಗಳು) ಸುಳ್ಳು ಹೇಳುವುದಿಲ್ಲ. 12 ಬೋರ್ (ಬೋರ್ ಎಂದರೆ ನಳಿಗೆಯ ಒಳಅಳತೆ) ಕೋವಿಯಲ್ಲಿ ಒಂದೆರಡು ಮೊಳದಿಂದ ಹೊಡೆದರೆ ಚರೆ ಒಟ್ಟಾಗಿ ಹೊಕ್ಕು ಒಂದೇ ತೂತಾಗುತ್ತದೆ. ದೂರ ಹೆಚ್ಚಿದಂತೆ ಚದುರುತ್ತವೆ. ತುದಿಯಲ್ಲಿ ಕಿರಿದಾಗದ ನಳಿಗೆಗೆ ಗಜ ದೂರಕ್ಕೊಂದು ಇಂಚು ಅಗಲ ಎಂಬುದು ಅಂದಾಜು ಲೆಕ್ಕ. ‘ಕತ್ತಿ ಹಿಡಿದು ಮೈಮೇಲೆ ಬಿದ್ದ’ ಎಂದು ನೀವು ಹೇಳುವಾಗ ಬೆನ್ನ ಮೇಲೆ ಒಂದಡಿ ಅಗಲಕ್ಕೆ ಚರೆ ಹರಡಿದ್ದರೆ ಆ ಮಾತು ನಿಲ್ಲುವುದಿಲ್ಲ. ಘಟನೆ ನಡೆದರೆ ಆಂಬುಲೆನ್ಸ್‌ಗೂ ಪೊಲೀಸರಿಗೂ ತಕ್ಷಣ ತಿಳಿಸಿ. ಖಾಲಿ ತೋಟಾ ಎತ್ತಬೇಡಿ, ನಳಿಗೆ ಒರೆಸಬೇಡಿ.

ಪ್ರಶ್ನೆ: ಊರವರೆಲ್ಲ ಕೋವಿ ಇಟ್ಟುಕೊಂಡರೆ ಕಳ್ಳರು ಹೆದರುವುದಿಲ್ಲವೇ?

ಸ್ವಲ್ಪ ಹೆದರಬಹುದು. ಆದರೆ ಕೋವಿಯೂ ಕದಿಯುವ ವಸ್ತುವೇ ಎಂಬುದನ್ನು ಮರೆಯಬಾರದು. ಎಲ್ಲರೂ ಬಂದೂಕು ಇಟ್ಟುಕೊಳ್ಳಲಿ ಎಂಬುದು ಅಮೆರಿಕದಲ್ಲಿ ಕೇಳಿಬರುವ ವಾದ. ಅಲ್ಲಿ ಬಂದೂಕು ಸಂವಿಧಾನದ ಎರಡನೇ ತಿದ್ದುಪಡಿಯ ಹಕ್ಕು. ಮನೆಯೊಳಗಿನ ಆತ್ಮರಕ್ಷಣೆಗೂ ಅದು ಅನ್ವಯ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ನಮ್ಮಲ್ಲಿ ಆತ್ಮರಕ್ಷಣೆ ಹಕ್ಕು, ಬಂದೂಕು ಅನುಮತಿಯ ವಸ್ತು. ಅಲ್ಲಿನ ವಾದವನ್ನು ಹಾಗೇ ಇಲ್ಲಿಗೆ ತಂದರೆ ಹೊಂದುವುದಿಲ್ಲ.

ಇನ್ನೊಂದು ಕಿರಿಕಿರಿ ಇದೆ. ಮಕ್ಕಳಿರುವ ಮನೆಯಲ್ಲಿ ಕೋವಿಯನ್ನು ಖಾಲಿ ಮಾಡಿ ಬೀಗದಲ್ಲಿ, ತೋಟಾಗಳನ್ನು ಬೇರೆ ಬೀಗದಲ್ಲಿ ಇಡಬೇಕು. ಹಾಗಿಟ್ಟ ಕೋವಿ ನಡುರಾತ್ರಿ ಬಾಗಿಲು ಮುರಿಯುವ ಹೊತ್ತಿಗೆ ಕೈಗೆ ಬರುವುದಿಲ್ಲ; ತುಂಬಿಸಿ ತಲೆದೆಸೆಯಲ್ಲಿಟ್ಟರೆ ಮೊದಲು ಅಪಾಯ ಮನೆಯವರಿಗೇ. ಈ ಇಕ್ಕಟ್ಟಿಗೆ ಪೂರ್ತಿ ಪರಿಹಾರವಿಲ್ಲ. ಅಂಗಳಕ್ಕೆ ದೀಪ, ಗಟ್ಟಿ ಅಗುಳಿ, ಬೊಗಳುವ ನಾಯಿ ಮೊದಲು ಆಗಲಿ; ಕೋವಿಯ ಮಾತು ಆಮೇಲೆ.

ಪ್ರಶ್ನೆ: ತೀರಿಕೊಂಡ ಅಪ್ಪನ ಜೋಡುನಳಿಗೆ ಕೋವಿ ಅಟ್ಟದ ಮೇಲಿದೆ. ಕೆಲಸ ಮಾಡುತ್ತದೆಯೇ ಎಂದು ಒಮ್ಮೆ ಹೊಡೆದು ನೋಡಬಹುದೇ?

ಬೇಡ. ಲೈಸೆನ್ಸ್ ಅಪ್ಪನ ಹೆಸರಿನಲ್ಲಿತ್ತು, ಈಗ ಆ ಕೋವಿ ನಿಮ್ಮ ಬಳಿ ಇರುವುದೇ ಅಕ್ರಮ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ವೃಥಾ ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಬಂದೂಕು ಅಂಗಡಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಿರಿ. ಕೋವಿಯ ನಂಬರು ರಸೀದಿಯಲ್ಲಿ ಸರಿಯಾಗಿದೆಯೇ ನೋಡಿಕೊಳ್ಳಿ. ಆಮೇಲೆ ವಾರಸುದಾರರಾಗಿ ಲೈಸೆನ್ಸ್ ಕೇಳಬಹುದು, ಇಲ್ಲವೇ ಲೈಸೆನ್ಸ್ ಇರುವವರಿಗೆ ಮಾರಬಹುದು. ನಿಗದಿತ ಅವಧಿಯೊಳಗೆ ಎರಡೂ ಆಗದಿದ್ದರೆ ಅದು ಸರ್ಕಾರದ ಪಾಲು.

ಕಾನೂನು ಬದಿಗಿಟ್ಟರೂ ಹೊಡೆಯಬಾರದು. ಅಟ್ಟದ ಕೋವಿಯ ನಳಿಗೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದುಂಟು. ಆ ತಡೆ ಸಾಕು ನಳಿಗೆ ಸಿಡಿಯಲು. ಇದಕ್ಕಿಂತ ಮೋಸದ್ದು 20 ಬೋರಿನ ತೋಟಾ. 12 ಬೋರಿಗೆ ಹಾಕಿದರೆ, ಅಂಕಿ ದೊಡ್ಡದಾದರೂ ಅದು ಗಾತ್ರದಲ್ಲಿ ಸಣ್ಣದಾದ್ದರಿಂದ, ಒಳಕ್ಕೆ ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಕೋವಿ ಖಾಲಿ ಎನಿಸುತ್ತದೆ. ಅದರ ಹಿಂದೆ 12 ಬೋರಿನ ತೋಟಾ ತುಂಬಿ ಹೊಡೆದವನ ಎಡಗೈ ನಳಿಗೆಯ ಕೆಳಗಿರುತ್ತದೆ, ಸಿಡಿಯುವುದೂ ಅಲ್ಲೇ. ಠಾಣೆಗೆ ಒಯ್ಯುವ ಮುನ್ನ ಅದು ಖಾಲಿಯೋ ಎಂದು ನೀವೇ ಬಿಚ್ಚಿ ನೋಡಲು ಹೋಗದೆ, ಠಾಣೆಗೆ ಫೋನ್ ಮಾಡಿ ಯಾರನ್ನಾದರೂ ಕಳಿಸಲು ಹೇಳಿ.