ಆಪ್ತಸಲಹೆ ಪ್ರಕರಣ: ನಲವತ್ತೆರಡರಲ್ಲಿ ಜೂಡೋ ಮ್ಯಾಟಿಗೆ ಇಳಿದವರು

(ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 42 ವರ್ಷ. ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ಮನೆಯಲ್ಲಿ ಹೆಂಡತಿ, 11 ವರ್ಷದ ಮಗ. ಮಗ ಜೂಡೋ ಕ್ಲಾಸಿಗೆ ಹೋಗುತ್ತಾನೆ. ಸಂಜೆ ಅವನನ್ನು ಬೈಕಿನಲ್ಲಿ ಕರೆತಂದು, ಕ್ಲಾಸ್ ಮುಗಿಯುವವರೆಗೆ ಗೋಡೆಗೆ ಒರಗಿ ಮೊಬೈಲ್ ನೋಡುತ್ತಾ ಕೂರುತ್ತಿದ್ದರು. ಒಂದು ದಿನ ಕೋಚ್ ಬಂದು, ಸುಮ್ನೆ ಕೂಡೋ ಬದಲು ನೀವೂ ಇಳೀರಿ ಅಂದರು. ಹೊಟ್ಟೆ ಮುಂದೆ ಬಂದಿತ್ತು. ಮನೆಯಲ್ಲೂ ವ್ಯಾಯಾಮ ಮಾಡಿ ಅಂತ ಹೇಳಿ ಹೇಳಿ ಸಾಕಾಗಿದ್ದರು. ಇಳಿದೇಬಿಟ್ಟರು.

ಕೆಲವು ತಿಂಗಳಾದ ಮೇಲೆ ನನ್ನ ಹತ್ತಿರ ಬಂದರು. ನಿದ್ದೆ ಬರಲ್ಲ, ಮಿಲ್ಲಿನಲ್ಲಿ ಕೆಲಸ ಜಾಸ್ತಿ ಅಂತ ಬಹಳ ಹೊತ್ತು ಮಾತಾಡಿದರು. ಜೂಡೋ ವಿಷಯ ಬಾಯಿಗೆ ಬರಲೇ ಇಲ್ಲ. ಯಾವ ದಿನ ನಿದ್ದೆ ಬರಲ್ಲ ಅಂತ ಕೇಳಿದೆ. ಮರುದಿನ ಕ್ಲಾಸ್ ಇದ್ದ ದಿನ, ಅಂದರು. ಅಲ್ಲಿಂದ ಮಾತು ಬಿಚ್ಚಿತು.

"ಯಾರರೇ ಮೈಮ್ಯಾಲ ಬಿದ್ದು ಒತ್ತಿ ಹಿಡಿದ್ರ ಉಸರೇ ನಿಂತಂಗ ಆಗ್ತದ ರೀ ಮೇಡಂ. ಎದಿ ಡಬಡಬ ಹೊಡ್ಕೋತದ. ಮ್ಯಾಲ ಇದ್ದಾಂವ ಹತ್ತೊಂಬತ್ತು ವರ್ಷದ ಪೋರ. ಅವನಿಗಿ ಬಿಡಪಾ ಅಂತ ಹ್ಯಾಂಗ ಅನ್ಲಿ?"

ಹಾಗಾದರೆ ಏನು ಮಾಡ್ತೀರಿ?

"ತಡಕೋತೀನ್ರಿ. ಕಣ್ಣಿಗಿ ಕತ್ತಲ ಬರೋತನ ತಡಕೋತೀನಿ."

ಆಮೇಲೆ ಇನ್ನೊಂದು ಮಾತು ಸೇರಿಸಿದರು. ಅದೇ ಹಾಲಿನ ಇನ್ನೊಂದು ಮೂಲೆಯಲ್ಲಿ ಮಗ ಇರುತ್ತಾನೆ. ಮಗನ ಸೊಂಟಕ್ಕೆ ಹಳದಿ ಬೆಲ್ಟ್, ಅಪ್ಪನದು ಬಿಳಿ, ಅಂದರೆ ಹೊಸಬರದು. ಅಪ್ಪ ಕೆಳಗೆ ಬಿದ್ದಿರುವುದನ್ನು ಮಗ ನೋಡುತ್ತಾನಲ್ಲ ಎಂಬುದೇ ದೊಡ್ಡ ಸಂಕಟ. ಹಿಂದಿನ ಎರಡು ವಾರ ಕೆಲಸದ ನೆಪ ಹೇಳಿ ಕ್ಲಾಸ್ ತಪ್ಪಿಸಿದ್ದರು.

ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ನಲವತ್ತು ದಾಟಿದವರು ಎದೆ ಹೊಡೆದುಕೊಳ್ಳುತ್ತೆ, ಉಸಿರು ಕಟ್ಟುತ್ತೆ ಅಂದರೆ ಅದನ್ನು ಬರೀ ಮನಸ್ಸಿನ ವಿಷಯ ಅಂತ ನಾನು ತೀರ್ಮಾನಿಸುವಂತಿಲ್ಲ. ಬಿಪಿ, ಶುಗರ್, ಇಸಿಜಿ ಎಲ್ಲ ಆಯಿತು. ಆಡಲು ಅಡ್ಡಿಯಿಲ್ಲ ಎಂದು ಡಾಕ್ಟರ್ ಹೇಳಿದ ಮೇಲೆಯೇ ನಮ್ಮ ಕೆಲಸ ಶುರುವಾಯಿತು. ಲಿಫ್ಟಿನಲ್ಲಿ, ತುಂಬಿದ ಬಸ್ಸಿನಲ್ಲಿ, ಮಲಗಿದಾಗ ಹೀಗಾಗುತ್ತದಾ ಅಂತಲೂ ಕೇಳಿದೆ. ಇಲ್ಲ. ಮ್ಯಾಟಿನ ಮೇಲೆ, ಅದೂ ಕೆಳಗೆ ಸಿಕ್ಕಾಗ ಮಾತ್ರ.

ನಮ್ಮ ಕಡೆಯವರಿಗೆ ಬೆನ್ನು ನೆಲಕ್ಕೆ ಹತ್ತೋದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಇವರು ಆಳಂದ ಕಡೆಯ ಹಳ್ಳಿಯವರು. ಜಾತ್ರೆಯ ಕುಸ್ತಿ ನೋಡಿಕೊಂಡೇ ಬೆಳೆದವರು. ಮೊದಲು ಸಣ್ಣ ಹುಡುಗರ ತೆಂಗಿನಕಾಯಿ ಕುಸ್ತಿ, ಕೊನೆಗೆ ಬೆಳ್ಳಿ ಕಡಗದ ಕುಸ್ತಿ. ಎರಡರಲ್ಲೂ ಬೆನ್ನು ಮಣ್ಣಿಗೆ ಹತ್ತಿತೋ, ಮುಗಿಯಿತು. ಗೆದ್ದವನನ್ನು ಹೆಗಲ ಮೇಲೆ ಹೊರುತ್ತಾರೆ. ಸೋತವನು ಮಣ್ಣು ಕೊಡವಿಕೊಂಡು ಜನರ ನಡುವೆ ಮರೆಯಾಗುತ್ತಾನೆ. ಆ ಕಣ್ಣಿನಿಂದ ನೋಡಿದರೆ ಇವರು ಪ್ರತಿ ಸಂಜೆ ಹತ್ತಾರು ಸಲ ಸೋಲುತ್ತಿದ್ದರು. ಅದೂ ಮಗನ ಎದುರಿಗೆ.

ಜೂಡೋ ಪಂದ್ಯದಲ್ಲೂ ಬೆನ್ನ ಮೇಲೆ ಜೋರಾಗಿ ಬಿದ್ದರೆ ಸೋಲೇ. ಆದರೆ ಕಲಿಯುವ ಹಾಲಿನಲ್ಲಿ ಮೊದಲ ಪಾಠವೇ ಬೀಳೋದು. ಅದಕ್ಕೆ ಉಕೆಮಿ ಅನ್ನುತ್ತಾರೆ. ಗದ್ದ ಎದೆಗೆ ಹತ್ತಿರ ಇರಬೇಕು, ಹಿಂದಲೆ ನೆಲಕ್ಕೆ ಬಡಿಯಬಾರದು. ಕೈ ಮೈಯಿಂದ ಸ್ವಲ್ಪ ದೂರ ಚಾಚಿ, ಅಂಗೈಯಿಂದ ಮೊಳಕೈವರೆಗೆ ಒಟ್ಟಿಗೆ ಮ್ಯಾಟಿಗೆ ಬಡಿಯಬೇಕು. ಅದೇ ಹೊತ್ತಿಗೆ ಉಸಿರು ಹೊರಗೆ ಬಿಡಬೇಕು. ಜೂಡೋ ಕಲೆಯನ್ನು 1882ರಲ್ಲಿ ಟೋಕಿಯೋದಲ್ಲಿ ಕಟ್ಟಿದ ಜಿಗೊರೊ ಕಾನೊ ಸಣ್ಣ ಮೈಕಟ್ಟಿನವರು. ಶಾಲೆಯಲ್ಲಿ ಬಲವಾದ ಹುಡುಗರ ಕಾಟ ತಾಳಲಾರದೆ ಜುಜುತ್ಸು ಎಂಬ ಹಳೆಯ ಜಪಾನಿ ಕುಸ್ತಿಯ ಕಡೆ ಹೊರಳಿದವರು. ಇದನ್ನು ಹೇಳಿದಾಗ ಇವರು ಮೊದಲ ಸಲ ಕುರ್ಚಿಗೆ ಒರಗಿ ಕೂತರು.

ಬಾಲ್ಯ ಕೆದಕುವ ಕೆಲಸಕ್ಕೆ ನಾನು ಹೋಗಲಿಲ್ಲ. ಎಲ್ಲ ಪ್ರಕರಣಕ್ಕೂ ಅದು ಬೇಕಾಗಲ್ಲ. ಇಲ್ಲಿ ಬೇಕಾಗಿದ್ದದ್ದು ಒಂದೇ. ಕೆಳಗೆ ಸಿಕ್ಕಾಗ ಬಿಡಿಸಿಕೊಳ್ಳೋ ಕೀಲಿ ತಮ್ಮ ಕೈಯಲ್ಲೇ ಇದೆ ಅಂತ ಅವರ ಮೈಗೆ ಗೊತ್ತಾಗಬೇಕಿತ್ತು. ಆ ಕೀಲಿ ಅಂದರೆ ತಟ್ಟೋದು. ಎದುರಿನವರ ಮೈಗೋ ಮ್ಯಾಟಿಗೋ ಅಂಗೈಯಿಂದ ಎರಡು ಸಲ ತಟ್ಟಿದರೆ ಹಿಡಿತ ಬಿಡಲೇಬೇಕು. ಕೈ ಸಿಕ್ಕಿಹಾಕಿಕೊಂಡಿದ್ದರೆ ಕಾಲಿಂದ ತಟ್ಟಬಹುದು, ಬಾಯಲ್ಲಿ ಹೇಳಬಹುದು. ಈ ನಿಯಮ ಅವರಿಗೆ ಗೊತ್ತಿತ್ತು. ಆದರೆ ಅಷ್ಟು ತಿಂಗಳಲ್ಲಿ ಒಮ್ಮೆಯೂ ತಟ್ಟಿರಲಿಲ್ಲ!

ಇಂಥ ಹೊತ್ತಿನಲ್ಲಿ ಮನೆಯವರು, ಗೆಳೆಯರು "ನೀವು ಅಂಜಬ್ಯಾಡ್ರಿ, ಚೊಲೋ ಮಾಡ್ತೀರಿ" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಅದರಿಂದ ಬರೋ ಧೈರ್ಯ ಬಾಗಿಲು ದಾಟುವವರೆಗೂ ಉಳಿಯಲ್ಲ. 1977ರಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ, ನನ್ನಿಂದ ಆಗುತ್ತೆ ಎಂಬ ನಂಬಿಕೆ ನಾಲ್ಕು ದಾರಿಯಿಂದ ಬರುತ್ತದೆ ಅಂತ ವಿವರಿಸಿದರು. ತಾನೇ ಮಾಡಿ ನೋಡಿದ್ದು, ತನ್ನಂಥವರು ಮಾಡಿದ್ದನ್ನು ಕಂಡದ್ದು, ಬೇರೆಯವರು ಹೇಳಿದ ಮಾತು, ಮೈಯಲ್ಲಿ ಆಗೋ ತಳಮಳವನ್ನು ನಾವು ಅರ್ಥ ಮಾಡಿಕೊಳ್ಳೋ ರೀತಿ. ಇವುಗಳಲ್ಲಿ ತಾನೇ ಮಾಡಿ ನೋಡಿದ್ದಕ್ಕೆ ಎಲ್ಲಕ್ಕಿಂತ ಹೆಚ್ಚು ಬಲ. ನಮ್ಮವರಿಗೆ ಮಾತು ಬೇಕಾದಷ್ಟು ಸಿಕ್ಕಿತ್ತು. ಸಣ್ಣದಾಗಿ ಮಾಡಿ ನೋಡೋ ಅವಕಾಶವೇ ಸಿಕ್ಕಿರಲಿಲ್ಲ. ನೇರವಾಗಿ ಬ್ಯಾಚಿನ ಗಟ್ಟಿ ಹುಡುಗನ ಕೆಳಗೆ ಬಿದ್ದಿದ್ದರು.

ಹಾಗಾಗಿ ಮನೆಯಿಂದಲೇ ಶುರು ಮಾಡಿದೆವು. ಹಾಲ್‌ನಲ್ಲಿ ಚಾಪೆ ಹಾಸಿ, ಮೊಣಕಾಲು ಮಡಚಿ ಅಂಗಾತ ಮಲಗೋದು. ಎದೆಯ ಮೇಲೆ ಎರಡು ದಿಂಬು. ಮೂಗಿನಿಂದ ಉಸಿರು ಎಳೆದು, ಬಾಯಿಂದ ನಿಧಾನವಾಗಿ ಬಿಡೋದು. ಭಾರ ಬಿದ್ದಾಗ ಅವರು ಉಸಿರು ಹಿಡಿದುಬಿಡುತ್ತಿದ್ದರು. ಹೆದರಿಕೆಯ ಅರ್ಧ ಅಲ್ಲೇ ಹುಟ್ಟುತ್ತಿತ್ತು. ಉಸಿರು ಹಿಡಿದರೆ ಎದೆ ಬಿಗಿಯುತ್ತೆ, ಬಿಗಿದ ಎದೆ ನೋಡಿ ಮನಸ್ಸು ಸತ್ತೆ ಅನ್ನುತ್ತೆ.

ಎರಡನೇ ಮೆಟ್ಟಿಲು ಮಗ. ಅವನು ಅಪ್ಪನ ಎದೆಯ ಮೇಲೆ ಅಡ್ಡ ಮಲಗಬೇಕು. ಅಪ್ಪ ತಟ್ಟಿದ ತಕ್ಷಣ ಏಳಬೇಕು. ಮೊದಮೊದಲು ಹೆದರಿಕೆ ಬರೋ ಮೊದಲೇ ತಟ್ಟಲು ಹೇಳಿದೆ. ಸುಮ್ಮಸುಮ್ಮನೆ ತಟ್ಟಿ, ಮಗ ಎದ್ದ, ಮತ್ತೆ ತಟ್ಟಿ, ಮತ್ತೆ ಎದ್ದ. ಅದು ಆಟವಾಯಿತು. ಹೆಂಡತಿ ಅಡುಗೆಮನೆಯಿಂದ ಬಂದು ನೋಡಿ ನಕ್ಕರಂತೆ. ಇವರಿಗೆ ಆ ನಗು ಚುಚ್ಚಲಿಲ್ಲ ಅನ್ನೋದನ್ನು ನಾನು ಗುರುತು ಹಾಕಿಕೊಂಡೆ.

ಒಂದು ದಿನ ನನ್ನ ಕೋಣೆಯ ಗೋಡೆ ಗಡಿಯಾರ ನೋಡುತ್ತಾ ಇಬ್ಬರೂ ಉಸಿರು ಎಣಿಸಿದೆವು. ಜೂಡೋ ಪಂದ್ಯದಲ್ಲಿ 20 ಸೆಕೆಂಡ್ ಅಂಗಾತ ಒತ್ತಿ ಹಿಡಿದರೆ ಪಂದ್ಯವೇ ಮುಗಿಯುತ್ತದೆ. ನಿಧಾನವಾಗಿ ಉಸಿರಾಡಿದರೆ 20 ಸೆಕೆಂಡ್ ಅಂದರೆ ನಾಲ್ಕೈದು ಉಸಿರು. ಮುಳ್ಳು ಅಷ್ಟು ದೂರ ಸರಿದದ್ದನ್ನು ನೋಡಿ ಅವರು, "ಇಷ್ಟಾ ಏನ್ರಿ?" ಅಂದರು. ಅವರ ಲೆಕ್ಕದಲ್ಲಿ ಅದು ಹತ್ತು ನಿಮಿಷದಷ್ಟು ಉದ್ದ ಇತ್ತು. ಅಭ್ಯಾಸದಲ್ಲಿ ಹಿಡಿತ ಇನ್ನೂ ಜಾಸ್ತಿ ಹೊತ್ತು ಇರಬಹುದು, ನಿಜ. ಆದರೆ ಅಲ್ಲಿ ತಟ್ಟೋದು ಇದ್ದೇ ಇದೆ.

ಮೂರನೇ ಮೆಟ್ಟಿಲಿಗೆ ಕೋಚ್ ಬೇಕಿತ್ತು. ಇವರ ಅನುಮತಿ ಪಡೆದು ಕೋಚ್ ಜೊತೆ ಫೋನಿನಲ್ಲಿ ಮಾತಾಡಿದೆ. ಮೂರು ವಿಷಯ ಕೇಳಿಕೊಂಡೆ. ಯಾರ ಜೊತೆ ಹಿಡಿಯೋದು ಅನ್ನೋದನ್ನು ಕೆಲವು ವಾರ ಇವರೇ ಆರಿಸಲಿ. ನಿಂತು ಎಸೆಯೋದು ಆಮೇಲೆ, ಮೊದಲು ಮೊಣಕಾಲ ಮೇಲೆ ಕೂತು ಶುರುವಾಗಲಿ. ತಟ್ಟಿದಾಗ "ಯಾಕೆ, ಇಷ್ಟಕ್ಕೇ?" ಅಂತ ಯಾರೂ ಅನ್ನಬಾರದು. ಕೋಚ್ ಒಪ್ಪಿದರು. ಕೊನೆಯದನ್ನು ಇಡೀ ಬ್ಯಾಚಿಗೇ ಹೇಳಿದರು. ಇವರು ಆರಿಸಿಕೊಂಡದ್ದು ತಮ್ಮ ವಯಸ್ಸಿನ, ತಮ್ಮಷ್ಟೇ ದಪ್ಪ ಇರುವ ಒಬ್ಬ ಬ್ಯಾಂಕ್ ನೌಕರರನ್ನು. ಆತನೂ ಏದುಸಿರು ಬಿಡುತ್ತಾ ಬಿದ್ದು ಎದ್ದು ಕಲಿಯೋದನ್ನು ಹತ್ತಿರದಿಂದ ನೋಡಿದ್ದು ಇವರಿಗೆ ಬಹಳ ಒಳ್ಳೆಯದು ಮಾಡಿತು.

ಎಲ್ಲರೂ ನನ್ನನ್ನೇ ನೋಡ್ತಾರೆ ಅನ್ನೋ ಭಾವನೆ ಮಾತ್ರ ಹೋಗಲಿಲ್ಲ. ಅದಕ್ಕೆ ಒಂದು ಕೆಲಸ ಕೊಟ್ಟೆ. ಕ್ಲಾಸ್ ಮುಗಿದ ಮೇಲೆ, ಇವತ್ತು ಬೇರೆ ಯಾರು ಹೇಗೆ ಬಿದ್ದರು ಅಂತ ನೆನಪಿಸಿಕೊಂಡು ಬರೆಯಿರಿ ಅಂದೆ. ಮುಂದಿನ ಸಲ ಖಾಲಿ ಹಾಳೆ ತಂದರು. ಒಬ್ಬರದೂ ನೆನಪಿರಲಿಲ್ಲ. ಹಾಗಾದರೆ ನಿಮ್ಮದು ಯಾರಿಗೆ ನೆನಪಿರುತ್ತೆ ಅಂತ ಕೇಳಿದೆ. "ಮಗನಿಗಿ" ಅಂದರು. ಮಗನನ್ನೇ ಕೇಳಿ ಬನ್ನಿ ಅಂದೆ. ಕೇಳಿದರಂತೆ. ಹುಡುಗ ಹೇಳಿದ್ದು ಇಷ್ಟೇ: "ಅಪ್ಪಾ, ನೀ ಬೀಳಮುಂದ ಗದ್ದ ಒಳಗ ತಗೊಳ್ಳಂಗಿಲ್ಲ. ತಲಿಗಿ ಬಡೀತದ." ಅವನು ಅಪ್ಪನ ಸೋಲು ನೋಡುತ್ತಿರಲಿಲ್ಲ, ಅಪ್ಪನ ಗದ್ದ ನೋಡುತ್ತಿದ್ದ. ಅಂದಿನಿಂದ ಕ್ಲಾಸಿಗೆ ಹೋಗೋ ಮುಂಚೆ ಮನೆಯಲ್ಲಿ ಮಗ ಬೀಳೋದು ಹೇಳಿಕೊಡುತ್ತಾನೆ. ಇದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು, ನನಗೂ ಗಂಟಲು ಕಟ್ಟಿತು.

ಒಂದು ನೋಟ್‌ಬುಕ್ ಇಡಲೂ ಹೇಳಿದ್ದೆ. ಯಾರನ್ನು ಕೆಡವಿದೆ, ಯಾರು ನನ್ನನ್ನು ಕೆಡವಿದರು ಅನ್ನೋ ಲೆಕ್ಕ ಅದರಲ್ಲಿ ಬೇಡ. ಇವತ್ತು ಏನು ಪ್ರಯತ್ನಿಸಿದೆ, ಎಲ್ಲಿ ತಟ್ಟಿದೆ, ಕೋಚ್‌ಗೆ ಏನು ಕೇಳಬೇಕು, ಅಷ್ಟು ಸಾಕು. ಲೆಕ್ಕ ಬರೆಯೋದೇ ಕಸುಬಾದವರು, ನೀಟಾಗಿ ಬರೆದರು. "ಬಲಗೈ ಕಂಕುಳದಾಗ ಸಿಕ್ತು, ತಟ್ಟಿದೆ, ಬಿಟ್ರು" ಎಂಬ ಸಾಲು ಮತ್ತೆ ಮತ್ತೆ ಇತ್ತು. "ಬಿಟ್ರು" ಅನ್ನೋ ಕೊನೆಯ ಪದವೇ ನನಗೆ ಬೇಕಾಗಿದ್ದ ಔಷಧಿ.

ಜನವರಿ ಬಂತು. ಹೊಸ ತೊಗರಿ ಮಾರುಕಟ್ಟೆಗೆ ಬರೋ ಕಾಲ, ಮಿಲ್ಲಿನಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಕ್ಲಾಸ್ ತಪ್ಪಿತು. ಮತ್ತೆ ಹೋದ ದಿನವೇ ಹಿಂದೆ ಬಿಟ್ಟ ಜಾಗದಿಂದ ಹಿಡಿಯಲು ಹೋಗಿ, ಹುರುಪಿನ ಹುಡುಗನೊಬ್ಬ ಎಸೆದಾಗ ಪಕ್ಕೆಲುಬಿಗೆ ಪೆಟ್ಟಾಯಿತು. ಮುರಿದಿರಲಿಲ್ಲ. ಡಾಕ್ಟರ್ ಕೆಲವು ವಾರ ವಿಶ್ರಾಂತಿ ಹೇಳಿದರು. ಇವರು ನನ್ನ ಹತ್ತಿರ ಬಂದು, "ಇದು ನಮ್ಮ ವಯಸ್ಸಿನ ಆಟ ಅಲ್ರಿ, ಬಿಟ್ಟುಬಿಡ್ತೀನಿ" ಅಂದರು.

ಬಿಡೋದಾದರೆ ಬಿಡಬಹುದು, ಅದರಲ್ಲಿ ತಪ್ಪಿಲ್ಲ ಅಂತ ಹೇಳಿದೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ಜೂಡೋ ಬಿಟ್ಟ ಮನುಷ್ಯ ಏನೂ ಕಡಿಮೆಯಾಗಲ್ಲ. ಆದರೆ ನೋವು ಇರೋವಾಗ ನಿರ್ಧಾರ ಬೇಡ, ವಾಸಿಯಾದ ಮೇಲೆ ಯೋಚಿಸಿ, ಹೋಗೋದಾದರೆ ಎರಡು ಮೆಟ್ಟಿಲು ಕೆಳಗಿಂದ ಹೋಗಿ ಅಂದೆ. ವಾಸಿಯಾದ ಮೇಲೆ ಹೋದರು. ಮೊಣಕಾಲ ಮೇಲಿಂದ, ಬ್ಯಾಂಕಿನವರ ಜೊತೆ. ಬೇಸಿಗೆ ಶುರುವಾಗುವ ಹೊತ್ತಿಗೆ ಆ ಹತ್ತೊಂಬತ್ತರ ಹುಡುಗನ ಕೆಳಗೆ ಸಿಕ್ಕು, ನಾಲ್ಕು ಉಸಿರು ತೆಗೆದು, ಸೊಂಟ ಹೊರಳಿಸಿ ಅರ್ಧ ಬಿಡಿಸಿಕೊಂಡು, ಆಮೇಲೆ ತಟ್ಟಿದ್ದನ್ನು ನೋಟ್‌ಬುಕ್ಕಿನಲ್ಲಿ ನೋಡಿದೆ. ಈಗ ವಾರಕ್ಕೆ ಎರಡು ಸಂಜೆ ಹೋಗುತ್ತಾರೆ. ಬೆಲ್ಟ್ ಇನ್ನೂ ಬಿಳಿಯೇ. ಕ್ಲಾಸಿನ ಹಿಂದಿನ ರಾತ್ರಿ ನಿದ್ದೆ ಬರುತ್ತದೆ. ಕೆಲವು ದಿನ ಕೊನೆಯ ಸುತ್ತಿಗೆ "ಇವತ್ತು ಸಾಕ್ರಿ" ಅಂದು ಪಕ್ಕಕ್ಕೆ ಕೂರುತ್ತಾರೆ.

ಇದೇ ವಯಸ್ಸಿನಲ್ಲಿ ಕುಸ್ತಿ, ಜೂಡೋ, ಜಿಯು-ಜಿಟ್ಸು ಯಾವುದೇ ಶುರು ಮಾಡೋರಿಗೆ ನಾನು ಹೇಳೋದು ಇದು. ಮೊದಲ ತಿಂಗಳಿಗೆ ಬೀಳೋದು, ತಟ್ಟೋದು ಬಂದರೆ ಸಾಕು. ಸೇರೋ ಮೊದಲು ಒಂದು ಸಂಜೆ ಸುಮ್ನೆ ಕೂತು ನೋಡಿ, ತಟ್ಟಿದಾಗ ಅಲ್ಲಿ ಕೂಡಲೇ ಬಿಡ್ತಾರಾ ಅಂತ. ಬಿಡದ ಜಾಗ ನಿಮ್ಮದಲ್ಲ, ಎಷ್ಟು ಪದಕ ಗೋಡೆಗೆ ತೂಗುಹಾಕಿದ್ದರೂ ಸರಿ. ಹೆಣ್ಣುಮಕ್ಕಳು ಯಾರ ಜೊತೆ ಹಿಡಿಯೋದು, ಯಾರ ಜೊತೆ ಬೇಡ ಅಂತ ಮೊದಲ ದಿನವೇ ಹೇಳಬಹುದು, ಕಾರಣ ಕೊಡಬೇಕಿಲ್ಲ. ಉಗುರು ಕತ್ತರಿಸಿ, ಪ್ರತಿ ಸಲ ಬಟ್ಟೆ ಒಗೆಯಿರಿ, ಕ್ಲಾಸ್ ಮುಗಿದ ಕೂಡಲೇ ಸ್ನಾನ ಮಾಡಿ. ಮೈಗೆ ಮೈ ತಾಗೋ ಆಟದಲ್ಲಿ ಹುಳಕಡ್ಡಿ ಬೇಗ ಹರಡುತ್ತದೆ. ಚರ್ಮದ ಮೇಲೆ ಉಂಗುರದಂಥ ಕಲೆ ಕಂಡರೆ ತೋರಿಸಿ, ವಾಸಿಯಾಗೋವರೆಗೆ ಮ್ಯಾಟಿಗೆ ಇಳಿಯಬೇಡಿ.

ಉಸಿರು ಕಟ್ಟಿದಂತಾಗೋದು ಮ್ಯಾಟಿನ ಹೊರಗೂ, ಮನೆಯಲ್ಲಿ ಅಥವಾ ಕೆಲಸದ ಜಾಗದಲ್ಲಿ ಶುರುವಾದರೆ, ಅಥವಾ ಹಿಂದೆ ಯಾರಾದರೂ ಬಲವಂತ ಮಾಡಿದ ನೆನಪು ಹಿಡಿತದ ಕೆಳಗೆ ಮರುಕಳಿಸಿದರೆ, ಮೆಟ್ಟಿಲು ಹತ್ತೋ ಕೆಲಸ ಒಬ್ಬರೇ ಮಾಡಬೇಡಿ. ಹತ್ತಿರದ ಆಪ್ತಸಲಹೆಗಾರರನ್ನೋ ಮನೋವೈದ್ಯರನ್ನೋ ಕಾಣಿ. ಹೋಗಲು ಆಗದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.